ಮಾಡಿಸಿಕೊಂಡು ಕುಡಿಯಿರಿ ಅಂದಿದ್ದೀರಿ, ಯಾರ ಕೈಲಿ?

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಶನಿವಾರದ ಆರೋಗ್ಯ ಪುಟದಲ್ಲಿ ‘ನೆಗಡಿಯಾದಾಗ ಏನು ತಿನ್ನಬಾರದು’ ಅಂತ ಒಂದು ಬರಹ ಬಂದಿತ್ತು. ನಾನು ಅದನ್ನು ಓದಿದ್ದು ನೆಗಡಿಯಲ್ಲೇ. ಒಂದು ಕೈಯಲ್ಲಿ ಪೇಪರ್, ಇನ್ನೊಂದರಲ್ಲಿ ನಮ್ಮ ಮನೆಯವರ ಹಳೇ ಪಂಚೆಯಿಂದ ಹರಿದ ತುಂಡು. ಕರವಸ್ತ್ರಗಳೆಲ್ಲ ಬೆಳಿಗ್ಗೆ ಎಂಟಕ್ಕೇ ಮುಗಿದುಹೋಗಿದ್ದವು.

ಮೊಸರು ಬೇಡ, ಬಾಳೆಹಣ್ಣು ಬೇಡ, ಕರಿದದ್ದು ಬೇಡ, ಸಿಹಿ ಬೇಡ, ರಾತ್ರಿ ಅನ್ನ ಬೇಡ. ಸರಿ, ಇದನ್ನೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ. ‘ಬಿಸಿ ಬಿಸಿ ಮೆಣಸಿನ ಸಾರು ಮಾಡಿಸಿಕೊಂಡು ಕುಡಿಯಿರಿ.’

ಮಾಡಿಸಿಕೊಂಡು! ಯಾರ ಕೈಲಿ ಸ್ವಾಮಿ?

ನಮ್ಮ ಮನೆಯಲ್ಲಿ ಸಾರು ಮಾಡುವವಳು ನಾನು. ನೆಗಡಿ ಬಂದಿದ್ದೂ ನನಗೇ. ಮನೆಯವರು, ಮಗಳು ಇಬ್ಬರೂ ಅವತ್ತು ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿದ್ದರು. ಮೈದುನನ ಮಗಳ ಮದುವೆ. ನಾನೂ ಹೋಗಬೇಕಿತ್ತು, ಸೀರೆಗೆ ಫಾಲ್ಸ್ ಕೂಡ ಹಾಕಿಸಿ ಇಟ್ಟಿದ್ದೆ. ಆದರೆ ಬುಧವಾರ ಎಂಟನೇ ಕ್ಲಾಸಿನ ಬಿ ಸೆಕ್ಷನ್‌ನಲ್ಲಿ ಮೊದಲ ಬೆಂಚಿನ ಮೂವರು ಹುಡುಗಿಯರು ಒಬ್ಬರಾದ ಮೇಲೊಬ್ಬರು ಸೀನಿದರು. ಶುಕ್ರವಾರ ಸಂಜೆ ನನ್ನ ಗಂಟಲಲ್ಲಿ ಕೆರೆತ. ರಾತ್ರಿ ಮಲಗುವ ಹೊತ್ತಿಗೆ ಮೂಗಿನ ಎರಡೂ ಹೊಳ್ಳೆ ಬಂದ್. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡ್ತಿದ್ದೇನೆ. ಸೂಕ್ಷ್ಮಜೀವಿಗಳ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ವೈರಸ್ಸಿಗೆ ಅದರ ಮುಲಾಜಿಲ್ಲ.

ಮದುವೆ ಮನೆಯಲ್ಲಿ ಹಸುಗೂಸುಗಳು, ವಯಸ್ಸಾದವರು ಎಲ್ಲ ಇರ್ತಾರೆ. ಸುಮ್ನೆ ಯಾಕೆ ಹಂಚಬೇಕು ಅಂತ ನಾನೇ ಉಳಿದೆ. ಮನೆಯವರು ಚಪ್ಪಲಿ ಹಾಕಿಕೊಳ್ಳುತ್ತಾ, ‘ಕಷಾಯ ಮಾಡ್ಕೊಂಡು ಕುಡಿ, ಮಲ್ಕೋ’ ಅಂದರು. ಒಳ್ಳೆಯ ಮನುಷ್ಯ, ಕಾಳಜಿಯಿಂದಲೇ ಅಂದಿದ್ದು. ನಿಮ್ಮ ಬರಹದವರು ‘ಮಾಡಿಸಿಕೊಂಡು’ ಅಂದರು, ಇವರು ‘ಮಾಡ್ಕೊಂಡು’ ಅಂದರು. ಮನೆಯಲ್ಲಿ ಇದ್ದವಳು ಮಾತ್ರ ನಾನೊಬ್ಬಳೇ.

ಆದ್ದರಿಂದ ನಾನು ಏನೂ ಮಾಡಿಕೊಳ್ಳಲಿಲ್ಲ. ನಿಮ್ಮ ಬೇಡಗಳ ಪಟ್ಟಿ ಇತ್ತಲ್ಲ, ಎರಡು ದಿನದಲ್ಲಿ ಅದನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದೆ. ಬಾಳೆಹಣ್ಣೊಂದು ಉಳಿಯಿತು. ಮನೆಯಲ್ಲಿರಲಿಲ್ಲ, ಅಷ್ಟೇ.

ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಪಿಯುಸಿ ಹುಡುಗನನ್ನು ಕರೆದು, ದುಡ್ಡು ಕೊಟ್ಟು, ಮಂಡಕ್ಕಿ ಮೆಣಸಿನಕಾಯಿ ತರಿಸಿದೆ. ಬೇರೆ ಊರಿನ ಓದುಗರಿಗೆ ಒಂದು ಮಾತು. ದಾವಣಗೆರೆಯಲ್ಲಿ ‘ಮೆಣಸಿನಕಾಯಿ ತಿನ್ನೋಣ ಬಾ’ ಅಂದರೆ ಹಸಿಮೆಣಸಿನಕಾಯಿ ಕಚ್ಚುವುದಲ್ಲ, ಮಿರ್ಚಿ ಭಜ್ಜಿ. ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ನಾದಿನಿ ಸಂಜೆ ಹೊತ್ತು ಹೀಗೆ ಕರೆದಾಗ ಗಾಬರಿಯಾಗಿದ್ದೆ. ಈಗ ಮಂಡಕ್ಕಿ ಇಲ್ಲದೆ ವಾರ ಕಳೆಯುವುದಿಲ್ಲ. ಮಂಡಕ್ಕಿ ಭಟ್ಟಿಗಳ ಹೆಸರಿನಲ್ಲೇ ಒಂದು ಏರಿಯಾ ಇರುವ ಊರು ನಮ್ಮದು.

ಪೊಟ್ಟಣ ಬಿಚ್ಚಿದೆ. ಪೇಪರಿಗೆ ಎಣ್ಣೆ ಹತ್ತಿ ಅಕ್ಷರಗಳೆಲ್ಲ ಆಚೆ ಕಡೆಯಿಂದ ಕಾಣ್ತಿದ್ದವು. ನಾಲ್ಕು ಭಜ್ಜಿ, ಇನ್ನೂ ಬಿಸಿ. ಮೂಗಿನ ಹತ್ತಿರ ಹಿಡಿದೆ, ಏನೂ ಇಲ್ಲ. ಗೋಡೆ ಮೂಸಿದ ಹಾಗೆ. ಕಚ್ಚಿದೆ. ಕಡಲೆಹಿಟ್ಟಿನ ರುಚಿ ಇಲ್ಲ, ಎಣ್ಣೆಯ ವಾಸನೆ ಇಲ್ಲ. ಆದರೆ ಕರಂ ಅಂತ ಶಬ್ದ ಕಿವಿಗೆ ಬಂತು. ಉಪ್ಪು ಬಂತು. ಆಮೇಲೆ ಮೆಲ್ಲಗೆ ನಾಲಿಗೆಯ ಅಂಚಿನಿಂದ ಖಾರ ಏರತೊಡಗಿತು. ಎರಡನೇ ಭಜ್ಜಿಯ ಅರ್ಧಕ್ಕೆ ಬಂದಾಗ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಇದ್ದಕ್ಕಿದ್ದ ಹಾಗೆ ಬಲಗಡೆಯ ಹೊಳ್ಳೆ ಟಪ್ ಅಂತ ಬಿಟ್ಟಿತು. ಓಂಕಾಳಿನ ವಾಸನೆ! ಭಜ್ಜಿಯಲ್ಲಿ ಓಂಕಾಳು ಹಾಕಿದ್ದಾರೆ ಅಂತ ಆಗ ಗೊತ್ತಾಯಿತು. ಅರ್ಧ ನಿಮಿಷ ಇತ್ತೋ ಏನೋ. ಮತ್ತೆ ಮುಚ್ಚಿಕೊಂಡಿತು. ಆ ಅರ್ಧ ನಿಮಿಷಕ್ಕಾಗಿ ಇನ್ನೆರಡನ್ನೂ ತಿಂದೆ.

ಇದಕ್ಕೆ ಕಾರಣ ಇದೆ, ನನ್ನ ಮಕ್ಕಳಿಗೆ ಪ್ರತಿ ವರ್ಷ ತೋರಿಸ್ತೇನೆ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿ ಜಗಿಯಿರಿ. ಸೌದೆ ಚೂರು ಜಗಿದ ಹಾಗೆ, ಸ್ವಲ್ಪ ಚುರುಚುರು, ಅಷ್ಟೇ. ಈಗ ಮೂಗು ಬಿಡಿ. ಬಾಯಿ ತುಂಬಾ ಏಲಕ್ಕಿ! ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆಯೇ. ಜಗಿಯುವಾಗ ಅದು ಗಂಟಲ ಹಿಂದಿನಿಂದ ಮೇಲೇರಿ, ಎರಡು ಕಣ್ಣುಗಳ ನಡುವಿನಷ್ಟು ಎತ್ತರದಲ್ಲಿರುವ ಒಂದು ಪುಟ್ಟ ಜಾಗ ಮುಟ್ಟಬೇಕು. ನೆಗಡಿಯಲ್ಲಿ ಆ ದಾರಿ ಊದಿಕೊಂಡು ಮುಚ್ಚಿರುತ್ತದೆ. ನಾಲಿಗೆಗೆ ಉಳಿಯುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕಾರು ರುಚಿ ಮಾತ್ರ. ಖಾರ ಆ ಲೆಕ್ಕಕ್ಕೆ ಬರುವುದಿಲ್ಲ. ಅದು ರುಚಿಯೇ ಅಲ್ಲ, ಉರಿ. ನೋವು ಒಯ್ಯುವ ನರಕ್ಕೆ ಸೇರಿದ್ದು. ಮೆಣಸಿನಕಾಯಿಯ ಖಾರವನ್ನೂ ಸುಡುವ ಬಿಸಿಯನ್ನೂ ಬಾಯಿ ಒಂದೇ ಬಾಗಿಲಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಬಾಗಿಲನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಾವು ಮಾತ್ರ ಬಿಸಿ ಕಾಫಿಗೂ ಹಸಿಮೆಣಸಿನಕಾಯಿಗೂ ‘ಬಾಯಿ ಉರಿ’ ಅಂತ ಒಂದೇ ಮಾತು ಹೇಳಿಕೊಂಡು ಬಂದಿದ್ದೇವೆ.

ಅಂದರೆ ನೆಗಡಿಯವರು ಖಾರ, ಕುರುಕಲು, ಹುಳಿ ಉಪ್ಪಿನಕಾಯಿ ಕೇಳುವುದು ಬಾಯಿಚಪಲ ಒಂದೇ ಅಲ್ಲ. ಉಳಿದದ್ದು ಯಾವುದೂ ಬಾಯಿಗೆ ತಲುಪುವುದೇ ಇಲ್ಲ, ಪಾಪ.

ಇದು ಭಾನುವಾರ ಬೆಳಿಗ್ಗೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಅದೇ ಹುಡುಗನ ಕೈಲಿ ಬೆಣ್ಣೆ ದೋಸೆ ತರಿಸಿದೆ. ಬೆಣ್ಣೆ ದೋಸೆಯನ್ನು ಪಾರ್ಸೆಲ್ ಮಾಡಿಸುವುದೇ ಒಂದು ಪಾಪ, ಅದು ನನಗೂ ಗೊತ್ತು. ಬರುವಷ್ಟರಲ್ಲಿ ಮೆತ್ತಗಾಗಿತ್ತು. ಗರಿಗರಿ ಹೋಯಿತು, ಇನ್ನು ಉಳಿದದ್ದು ಬೆಣ್ಣೆಯ ಘಮ. ಅದು ನನ್ನ ಮೂಗಿಗೆ ಹತ್ತಲಿಲ್ಲ. ಒದ್ದೆ ಟವೆಲ್ ಜಗಿದ ಹಾಗಾಯಿತು. ಮೂರು ದೋಸೆಯಲ್ಲಿ ಎರಡನ್ನು ಆ ಹುಡುಗನಿಗೇ ಕೊಟ್ಟೆ. ‘ಮಿಸ್, ಸೂಪರಾಗಿದೆ’ ಅಂದ. ಹೊಟ್ಟೆ ಉರಿಯಿತು.

ನಡುವೆ ಮೊಸರಿನ ವಿಷಯ. ಶನಿವಾರ ರಾತ್ರಿ ನಾನು ಉಂಡಿದ್ದು ಮೊಸರನ್ನ, ಜೊತೆಗೆ ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ. ಗಂಟಲು ಉರಿಯುವಾಗ ಅದಕ್ಕಿಂತ ಸುಖ ಇನ್ನೊಂದಿಲ್ಲ. ಹಾಲು ಮೊಸರಿನಿಂದ ಕಫ ಜಾಸ್ತಿಯಾಗುತ್ತದೆ ಅಂತ ನಿಮ್ಮ ಬರಹದಲ್ಲಿದೆ. ರಜೆ ಹಾಕಿ ಮಲಗಿದವಳ ಕೈಗೆ ಮೊಬೈಲ್ ಸಿಕ್ಕಿದರೆ ಕೇಳಬೇಕೇ? ಹುಡುಕಿದೆ. 1990ರಲ್ಲಿ ಆಸ್ಟ್ರೇಲಿಯಾದವರ ಒಂದು ಅಧ್ಯಯನ ಪ್ರಕಟವಾಗಿದೆ. ಅರವತ್ತು ಮಂದಿ ಸ್ವಯಂಸೇವಕರ ಮೂಗಿಗೆ ನೆಗಡಿ ವೈರಸ್ ಬಿಟ್ಟು, ಅವರು ದಿನಾ ಎಷ್ಟು ಹಾಲು ಕುಡಿದರು, ಎಷ್ಟು ಸಿಂಬಳ ಬಂತು ಅಂತ ನೋಡಿದ್ದಾರೆ. ಸಿಂಬಳವನ್ನು ತೂಕ ಹಾಕಿದ್ದಾರೆ! ಹಾಲು ಜಾಸ್ತಿ ಕುಡಿದವರಿಗೆ ಸಿಂಬಳ ಜಾಸ್ತಿ ಬರಲಿಲ್ಲ. ತೂಕ ಹಾಕಿದ ಪುಣ್ಯಾತ್ಮರು ಯಾರೋ, ಅವರಿಗೆ ದೊಡ್ಡ ನಮಸ್ಕಾರ. ಮೊಸರು ಆಗಿಬರುವುದಿಲ್ಲ ಅನ್ನುವವರು ಬಿಡಲಿ, ನನ್ನ ತಕರಾರಿಲ್ಲ. ಉಬ್ಬಸ ಇರುವವರು, ಜ್ವರ ಇಳಿಯದವರು, ಚಿಕ್ಕ ಮಕ್ಕಳಿರುವ ಮನೆಯವರು ಪತ್ರಿಕೆಯನ್ನೂ ನನ್ನನ್ನೂ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಲಿ. ನಾನು ಹೇಳ್ತಿರುವುದು ಬರೀ ನೆಗಡಿಯ ಮಾತು.

ಈಗ ಭಾನುವಾರ ಮಧ್ಯಾಹ್ನಕ್ಕೆ ಬರುತ್ತೇನೆ. ಪತ್ರದ ಕೊನೆಯಲ್ಲಿ ನನ್ನ ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದೇನಲ್ಲ, ಕಾರಣ ಇಲ್ಲಿದೆ.

ಹನ್ನೆರಡೂವರೆಗೆ ಮಗಳು ವಿಡಿಯೊ ಕಾಲ್ ಮಾಡಿದಳು. ‘ಅಮ್ಮಾ ನೋಡು’ ಅಂತ ಊಟದ ಎಲೆ ತೋರಿಸಿದಳು. ಎಣ್ಣೆಗಾಯಿ, ಕೋಸಂಬರಿ, ಹೋಳಿಗೆ ಮೇಲೆ ತುಪ್ಪ. ಅವರಪ್ಪ ಹಿಂದಿನಿಂದ ಬಗ್ಗಿ, ‘ಕಷಾಯ ಕುಡಿದ್ಯಾ?’ ಅಂದರು. ಕುಡಿದೆ ಅಂತ ಸುಳ್ಳು ಹೇಳಿದೆ. ಫೋನ್ ಇಟ್ಟ ಮೇಲೆ ಮನೆ ಒಂಥರಾ ಸುಮ್ಮನಾಯಿತು. ಟೇಬಲ್ ಮೇಲೆ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಕಟ್ಟು, ಪಕ್ಕದಲ್ಲಿ ಪಂಚೆ ತುಂಡುಗಳ ರಾಶಿ. ನನಗೆ ಅವ್ವನ ಏಡಿ ಸಾರು ನೆನಪಾಯಿತು.

ನಮ್ಮ ಕಡೆ ನೆಗಡಿಗೆ ಔಷಧಿ ಅಂದರೆ ಗದ್ದೆ ಏಡಿ. ಮಳೆಗಾಲದಲ್ಲಿ ಅಣ್ಣ ಬದುವಿನ ಬಿಲಕ್ಕೆ ಕೈ ಹಾಕಿ ಹಿಡಿದು ತರ್ತಿದ್ದ. ಅವ್ವ ಅದನ್ನು ಬಿಡಿಸಿ, ಕಾಲುಗಳನ್ನು ಒರಳಿಗೆ ಹಾಕಿ ಜಜ್ಜಿ, ನೀರು ಬೆರೆಸಿ ಸೋಸಿ, ಆ ರಸದಲ್ಲೇ ಸಾರು ಮಾಡ್ತಿದ್ದಳು. ಕಾಳುಮೆಣಸು, ಬೆಳ್ಳುಳ್ಳಿ ಧಾರಾಳ. ಒಲೆಯ ಮುಂದೆ ಕೂರಿಸಿ ಬಟ್ಟಲಲ್ಲಿ ಕೊಡ್ತಿದ್ದಳು. ನಾವು ಸುರ್ ಸುರ್ ಅಂತ ಕುಡಿಯುವುದು, ಮೂಗು ಸೋರುವುದು, ಅವಳು ಸೆರಗಿನಲ್ಲಿ ಒರೆಸುವುದು. ‘ನೀ ಮಲ್ಕ, ನಾ ಮಾಡ್ಕೊಡ್ತೀನಿ’ ಅನ್ನೋದು ಅವಳ ಮಾತು. ಅವಳು ಹೋಗಿ ಒಂಬತ್ತು ವರ್ಷವಾಯಿತು. ಅವಳಿಗೆ ನೆಗಡಿ ಬಂದಾಗ ಯಾರು ಮಾಡಿಕೊಡ್ತಿದ್ದರು ಅಂತ ನಾನು ಒಂದು ದಿನವೂ ಕೇಳಲಿಲ್ಲ.

ನನ್ನ ಗಂಡನ ಮನೆಯಲ್ಲಿ ಮಾಂಸ ಇಲ್ಲ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು, ಮೆಚ್ಚಿ ಮದುವೆಯಾದವರು. ಅಡುಗೆಮನೆಗೆ ಅದು ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡಿದ್ದೆ, ಇಪ್ಪತ್ತಾರು ವರ್ಷ ಮಾತು ಉಳಿಸಿಕೊಂಡಿದ್ದೇನೆ. ದೂರಲ್ಲ ಇದು. ತವರಿಗೆ ಹೋದಾಗ ತಿಂದುಬರ್ತೇನೆ, ಅವರೂ ಏನೂ ಅನ್ನುವುದಿಲ್ಲ.

ಅವತ್ತು ಮಾತ್ರ ಕೋವಿಡ್ ಕಾಲದ ಮಾಸ್ಕ್ ಒಂದು ಹುಡುಕಿ ಹಾಕಿಕೊಂಡೆ. ನೆಗಡಿ ಬೇರೆಯವರಿಗೆ ಹರಡಬಾರದಲ್ವಾ, ಅದೂ ಒಂದು. ಮಕ್ಕಳ ತಂದೆತಾಯಿಗಳು ಯಾರಾದರೂ ಸಿಕ್ಕಿದರೆ ಗುರುತು ಸಿಗಬಾರದು, ಇದು ಇನ್ನೊಂದು. ಎರಡು ಬೀದಿ ಆಚೆ ಒಂದು ಮಿಲ್ಟ್ರಿ ಹೋಟೆಲ್ ಇದೆ. ಮನೆಯ ಡಬ್ಬಿ ಒಯ್ಯಲಿಲ್ಲ. ಕೌಂಟರ್ ಹತ್ತಿರ ನಿಂತು, ‘ಒಂದು ನಾಟಿಕೋಳಿ ಸಾರು, ಪಾರ್ಸೆಲ್’ ಅಂದೆ. ಅಂದವಳೇ ಸೀನಿದೆ. ನನ್ನದು ಯಾವಾಗಲೂ ಒಂದು ಸೀನಲ್ಲ, ಸಾಲಾಗಿ ಮೂರು.

‘ಮಿಸ್, ನೀವಾ?’

ತಲೆ ಎತ್ತಿದರೆ ಹತ್ತು ಹನ್ನೆರಡು ವರ್ಷದ ಹಿಂದಿನ ಹುಡುಗ. ಕೊನೇ ಬೆಂಚು, ವಿಜ್ಞಾನದಲ್ಲಿ ಮೂವತ್ತೈದು ದಾಟಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ‘ಹೆಂಗೆ ಗೊತ್ತಾಯ್ತೋ?’ ಅಂದೆ. ‘ಕ್ಲಾಸಲ್ಲೂ ಹಿಂಗೇ ಮೂರು ಸಲ ಸೀನ್ತಿದ್ರಲ್ಲ ಮಿಸ್. ನಾವು ಎಣಿಸ್ತಿದ್ವಿ.’ ನನ್ನ ಮುಖ ಮಾಸ್ಕ್ ಒಳಗೇ ಕೆಂಪಾಗಿರಬೇಕು. ಅವನು ಇನ್ನೇನೂ ಕೇಳಲಿಲ್ಲ. ಒಳಗೆ ತಿರುಗಿ, ‘ಮಿಸ್‌ಗೆ ನೆಗಡಿ, ಮೆಣಸು ಜಾಸ್ತಿ ಹಾಕಿ ಬಿಸಿ ಮಾಡ್ರೋ’ ಅಂತ ಕೂಗಿದ. ದುಡ್ಡು ಬೇಡ ಅಂದ. ಬಲವಂತ ಮಾಡಿ ಕೊಟ್ಟೆ.

ಎರಡು ದಿನದಲ್ಲಿ ನನಗಾಗಿ ಒಲೆ ಹಚ್ಚಿಸಿದವನು ಅವನೊಬ್ಬನೇ.

ಮನೆಯೊಳಗೆ ತರಲಿಲ್ಲ. ಮಾತು ಅಂದರೆ ಮಾತು. ಟೆರೇಸ್ ಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ, ಅಡಿಕೆ ಹಾಳೆ ತಟ್ಟೆಯಲ್ಲಿ ಅನ್ನ ಹಾಕಿಕೊಂಡು ಉಂಡೆ. ರುಚಿ ಹೇಗಿತ್ತು ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ಅವ್ವನ ಸಾರಿನ ಹತ್ತಿರಕ್ಕೂ ಬರಲಿಕ್ಕಿಲ್ಲ. ಆದರೆ ಬಿಸಿ ಇತ್ತು, ಮೆಣಸು ಗಂಟಲಿಗೆ ಇಳಿಯುತ್ತಾ ಹೋಗಿದ್ದು ಗೊತ್ತಾಗ್ತಿತ್ತು. ಮುಕ್ಕಾಲು ಉಂಡ ಮೇಲೆ ಬೆವರು ಬಂತು. ಅಲ್ಲೇ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ತೂಕಡಿಸಿದೆ. ಶುಕ್ರವಾರದಿಂದ ಅಂಥ ನಿದ್ದೆ ಬಂದಿರಲಿಲ್ಲ.

ಕೋಳಿ ಸಾರಿನ ಬಗ್ಗೆಯೂ ಅಧ್ಯಯನ ಆಗಿದೆ, ಗೊತ್ತೇ? 2000ದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಸ್ಟೀಫನ್ ರೆನಾರ್ಡ್ ಅನ್ನುವ ವೈದ್ಯರು ತಮ್ಮ ಹೆಂಡತಿಯ ಅಜ್ಜಿಯ ಸೂಪನ್ನು ಲ್ಯಾಬಿಗೆ ತಂದು ಪರೀಕ್ಷಿಸಿದರು. ನೆಗಡಿಯಲ್ಲಿ ಮೂಗು ಊದಿಕೊಳ್ಳುವುದಕ್ಕೆ ನಮ್ಮದೇ ಬಿಳಿ ರಕ್ತಕಣಗಳ ಓಡಾಟವೂ ಒಂದು ಕಾರಣ. ಆ ಸೂಪು ಅವುಗಳ ಓಡಾಟವನ್ನು ಸ್ವಲ್ಪ ತಗ್ಗಿಸಿತು. ಅದು ಲ್ಯಾಬಿನಲ್ಲಿ, ಮನುಷ್ಯರಲ್ಲಲ್ಲ. ಆದ್ದರಿಂದ ಕೋಳಿ ಸಾರಿನಿಂದ ನೆಗಡಿ ವಾಸಿ ಅಂತ ನಾಳೆ ಹೆಡ್ಡಿಂಗ್ ಹಾಕಬೇಡಿ, ವಿಜ್ಞಾನ ಶಿಕ್ಷಕಿಯಾಗಿ ಕೇಳಿಕೊಳ್ತೇನೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2008ರಲ್ಲಿ ಮಾಡಿದ್ದು ಇನ್ನೂ ಸರಳ. ನೆಗಡಿಯಾದ ಮೂವತ್ತು ಜನಕ್ಕೆ ಒಂದೇ ಹಣ್ಣಿನ ಪಾನಕ, ಬಿಸಿಯಾಗಿ ಇಲ್ಲವೇ ಬಿಸಿ ಮಾಡದೆ ಹಾಗೇ. ಸೋರುವ ಮೂಗು, ಕೆಮ್ಮು, ಸೀನು ಎರಡರಲ್ಲೂ ಕಡಿಮೆ ಅನ್ನಿಸಿತು. ಗಂಟಲು ನೋವು, ಚಳಿ, ಸುಸ್ತು ಮಾತ್ರ ಬಿಸಿ ಕುಡಿದಾಗಲೇ ಇಳಿದದ್ದು. ವೈರಸ್ ಅದರ ಪಾಡಿಗೆ ಅದು ಇರುತ್ತದೆ, ವಾರ ಹತ್ತು ದಿನಕ್ಕೆ ಹೋಗುತ್ತದೆ. ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಅಲ್ಲಿಯವರೆಗೆ ಮನುಷ್ಯನಿಗೆ ಬೇಕಾಗಿರುವುದು ಬಿಸಿಯಾದ್ದೇನೋ ಒಂದು. ಅದನ್ನು ಯಾರಾದರೂ ತಂದುಕೊಟ್ಟರೆ ಇನ್ನೂ ಒಳ್ಳೆಯದು.

ಭಾನುವಾರ ರಾತ್ರಿ ಮನೆಯವರು ಬಂದರು. ನನಗೆ ಅಂತ ಒಂದು ಡಬ್ಬಿ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದರು. ಅದರಲ್ಲೂ ಎರಡು ತಿಂದೆ. ಸಿಹಿ ಒಂದು ಗೊತ್ತಾಯಿತು. ಬುಧವಾರ ಅವರೂ ಸೀನಲು ಶುರು ಮಾಡಿದರು. ಸೋಫಾದಲ್ಲಿ ಕೂತು, ‘ಸ್ವಲ್ಪ ಮೆಣಸಿನ ಸಾರು ಮಾಡ್ಕೊಡ್ತೀಯಾ?’ ಅಂದರು. ನನಗಿನ್ನೂ ಪೂರ್ತಿ ಹೋಗಿರಲಿಲ್ಲ. ನಿಮ್ಮ ಪೇಪರಿನ ಆ ಪುಟ ಎತ್ತಿ ಕೈಗೆ ಕೊಟ್ಟೆ. ಓದಿ, ‘ಇದರಲ್ಲಿ ಮಾಡೋದು ಹೆಂಗೆ ಅಂತ ಇಲ್ವಲ್ಲ’ ಅಂದರು.

ನೋಡಿ, ನಾನು ಹೇಳಬೇಕಾಗಿದ್ದುದನ್ನು ಅವರೇ ಹೇಳಿಬಿಟ್ಟರು. ಅರ್ಧ ಪುಟ ಬೇಡಗಳಿಗೆ ಕೊಟ್ಟಿದ್ದೀರಿ. ಮಾಡುವ ವಿಧಾನಕ್ಕೆ ನಾಲ್ಕು ಸಾಲು ಕೊಡಲಿಲ್ಲ, ಯಾಕೆಂದರೆ ಮಾಡುವವರಿಗೆ ಹೇಗೂ ಗೊತ್ತಿರುತ್ತದಲ್ಲ. ಮುಂದಿನ ಸಲ ಆ ಬರಹ ಹಾಕುವಾಗ ಪಕ್ಕದಲ್ಲಿ ಒಂದು ಚೌಕದಲ್ಲಿ ಇದನ್ನೂ ಹಾಕಿ. ಅಡುಗೆಮನೆಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಾಗದವರಿಗೂ, ಅಲ್ಲಿಗೆ ಹೋಗಿ ಅಭ್ಯಾಸವೇ ಇಲ್ಲದವರಿಗೂ ಆಗಿಬರುತ್ತದೆ. ಬುಧವಾರ ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿದೆ, ಅವರು ಮಾಡಿದರು. ಬೆಳ್ಳುಳ್ಳಿ ಜಜ್ಜುವಾಗ ಒಂದೆರಡು ಎಸಳು ಫ್ರಿಜ್ಜಿನ ಅಡಿಗೆ ಹಾರಿದವು, ಅಷ್ಟೇ.

ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಸಿಪ್ಪೆ ಸಮೇತ ಆರು ಎಸಳು ಬೆಳ್ಳುಳ್ಳಿ. ಮೂರನ್ನೂ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ನುಣ್ಣಗೆ ಬೇಡ. ಗೋಲಿ ಗಾತ್ರದ ಹುಣಸೆಹಣ್ಣನ್ನು ಎರಡೂವರೆ ಲೋಟ ನೀರಿನಲ್ಲಿ ಕಿವುಚಿ ಸೋಸಿ ಒಲೆಯ ಮೇಲಿಡಿ. ಉಪ್ಪು, ಚಿಟಿಕೆ ಅರಿಸಿನ, ಕಡಲೆಕಾಳಿನಷ್ಟು ಬೆಲ್ಲ. ಹುಣಸೆಯ ಹಸಿ ವಾಸನೆ ಹೋಗುವವರೆಗೆ ಕುದಿಸಿ. ವಾಸನೆ ಗೊತ್ತಾಗದಿದ್ದರೆ ಗಡಿಯಾರ ನೋಡಿ ಐದು ನಿಮಿಷ. ಆಮೇಲೆ ಕುಟ್ಟಿದ್ದನ್ನು ಹಾಕಿ, ನೊರೆ ಮೇಲೆದ್ದು ಬರುತ್ತಲೇ ಇಳಿಸಿ. ತುಪ್ಪದಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಇಂಗು ಇದ್ದರೆ ಹಾಕಿ. ಬಿಟ್ಟರೂ ನಡೆಯುತ್ತದೆ, ಮೂಗು ಕಟ್ಟಿದವರಿಗೆ ಹೇಗೂ ಗೊತ್ತಾಗುವುದಿಲ್ಲ.

– ಒಬ್ಬ ವಿಜ್ಞಾನ ಶಿಕ್ಷಕಿ, ದಾವಣಗೆರೆ
(ಹೆಸರು ಪ್ರಕಟಿಸಬೇಡಿ. ನಮ್ಮ ಮನೆಗೂ ನಿಮ್ಮ ಪತ್ರಿಕೆಯೇ ಬರುತ್ತದೆ.)